ಇಮೇಲ್ ಬಿಟ್ಟು ಚಾನೆಲ್‌ಗೆ: ಓದುಗರ ಪಟ್ಟಿ ಯಾರ ಕೈಗೆ ಹೋಗುತ್ತದೆ?

"ಇನ್ನು ಮುಂದೆ ನಮ್ಮ ನ್ಯೂಸ್‌ಲೆಟರ್ ಇಮೇಲ್‌ನಲ್ಲಿ ಬರುವುದಿಲ್ಲ. ದಯವಿಟ್ಟು ವಾಟ್ಸ್‌ಆ್ಯಪ್ ಚಾನೆಲ್ ಫಾಲೋ ಮಾಡಿ." ಈಚೆಗೆ ಇಂಥ ಸೂಚನೆ ಜಾಸ್ತಿಯಾಗಿದೆ. ಕೆಲವರು ಆ್ಯಪ್ ಹಾಕಿಕೊಳ್ಳಿ ಅನ್ನುತ್ತಾರೆ, ಕೆಲವರು ಟೆಲಿಗ್ರಾಂಗೆ ಕರೆಯುತ್ತಾರೆ. ಇನ್ನು ಕೆಲವರು ಏನೂ ಹೇಳದೆ ಸುಮ್ನೆ ಕಳುಹಿಸುವುದನ್ನೇ ನಿಲ್ಲಿಸಿಬಿಡುತ್ತಾರೆ. ಕೊಡಗಿನ ಕಾಫಿ ರೇಟು, ಮಳೆ ವರದಿ, ಬೆಳೆಗಾರರ ಸಂಘದ ಸುತ್ತೋಲೆ, ಕೊಡವ ಸಮಾಜದ ಪ್ರಕಟಣೆ ಇವನ್ನೆಲ್ಲ ಇಮೇಲ್‌ನಲ್ಲಿ ಓದಿ ರೂಢಿಯಾದವರಿಗೆ ಇದು ಗೊಂದಲ. ಇಷ್ಟು ವರ್ಷ ಚೆನ್ನಾಗಿ ನಡೆದದ್ದನ್ನು ಈಗ ಯಾಕೆ ಬಿಡಬೇಕು?

ಹೊರಗಿನಿಂದ ನೋಡಿದರೆ ಇದು ಫ್ಯಾಷನ್ ಬದಲಾದ ಹಾಗೆ ಕಾಣುತ್ತದೆ. ಅದರ ಹಿಂದೆ ತಾಂತ್ರಿಕ ಕಾರಣಗಳಿವೆ, ಹಣದ ಕಾರಣಗಳಿವೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮಾತ್ರ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಓದುಗರು ಯಾರು ಯಾರು ಎಂಬ ಪಟ್ಟಿ, ನ್ಯೂಸ್‌ಲೆಟರ್ ಕಳುಹಿಸುವ ಪ್ರಕಾಶಕರ ಕೈ ಬಿಟ್ಟು ಚಾನೆಲ್ ನಡೆಸುವ ಕಂಪನಿಯ ಕೈಗೆ ಹೋಗುತ್ತಿದೆ.

ಇಮೇಲ್‌ಗೆ ಯಜಮಾನ ಇರಲಿಲ್ಲ

ಇಮೇಲ್ ಸಾಗುವ ನಿಯಮಗಳು 1982ರಲ್ಲಿ ಬರೆದಂಥವು. ಅವು ಯಾವ ಕಂಪನಿಯ ಸ್ವತ್ತೂ ಅಲ್ಲ. ಜಿಮೇಲ್‌ನವರು ಯಾಹೂಗೆ ಬರೆಯಬಹುದು, ಯಾಹೂನವರು ಆಫೀಸಿನ ವಿಳಾಸಕ್ಕೆ ಬರೆಯಬಹುದು. ವಿರಾಜಪೇಟೆಯ ಒಂದು ಸಂಘ ಸದಸ್ಯರ ವಿಳಾಸಗಳನ್ನು ಎಕ್ಸೆಲ್ ಶೀಟಿನಲ್ಲಿ ಇಟ್ಟುಕೊಂಡು, ಬಿಸಿಸಿಯಲ್ಲಿ ಹಾಕಿ ಕಳುಹಿಸಿದರೆ ಕೆಲಸ ಮುಗಿಯಿತು. ಮಾಮೂಲಿ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರ ತನಕ ಕಳುಹಿಸಬಹುದು. ಸಣ್ಣ ಸಂಘಕ್ಕೆ ಅಷ್ಟು ಸಾಕು.

ಆದರೆ 1982ರ ಆ ನಿಯಮಗಳಲ್ಲಿ ಒಂದು ದೊಡ್ಡ ತೂತಿತ್ತು. ಕಳುಹಿಸುವವರು ತಮ್ಮ ಹೆಸರು ಅಂತ ಏನು ಬರೆದರೂ ಅದು ಹಾಗೇ ದಾಟಿಹೋಗುತ್ತಿತ್ತು. ಬ್ಯಾಂಕಿನ ಹೆಸರಲ್ಲಿ ಯಾರು ಬೇಕಾದರೂ ಬರೆಯಬಹುದು. ಸ್ಪ್ಯಾಮ್ ಮತ್ತು ಮೋಸದ ಮೇಲ್‌ಗಳು ಬೆಳೆದದ್ದು ಈ ತೂತಿನಿಂದಲೇ. ಅದನ್ನು ಮುಚ್ಚಲು ಮೇಲ್ ಕಂಪನಿಗಳು ಹಾಕಿದ ಬೇಲಿಗೆ ಈಗ ಸಣ್ಣ ಪ್ರಕಾಶಕರೂ ಸಿಕ್ಕಿಕೊಂಡಿದ್ದಾರೆ.

2024ರ ಫೆಬ್ರವರಿಯ ಬೇಲಿ

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ದೊಡ್ಡ ಪ್ರಮಾಣದಲ್ಲಿ ಮೇಲ್ ಕಳುಹಿಸುವವರಿಗೆ ಹೊಸ ನಿಯಮ ತಂದವು. ಗೂಗಲ್ ಲೆಕ್ಕದಲ್ಲಿ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000 ಅಥವಾ ಅದಕ್ಕಿಂತ ಹೆಚ್ಚು ಮೇಲ್ ಕಳುಹಿಸಿದರೆ ದೊಡ್ಡವರು. 2025ರ ಮೇ ತಿಂಗಳಿಂದ ಮೈಕ್ರೋಸಾಫ್ಟ್ ಕೂಡ ತನ್ನ ಔಟ್‌ಲುಕ್ ವಿಳಾಸಗಳಿಗೆ ಇಂಥದೇ ನಿಯಮ ಹಾಕಿತು.

ನಿಯಮದಲ್ಲಿ ಮೂರು ಗುರುತಿನ ಚೀಟಿಗಳಿವೆ. ಎಸ್‌ಪಿಎಫ್ ಅಂದರೆ ನಿಮ್ಮ ಡೊಮೇನ್ (ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು) ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳುಹಿಸಬಹುದು ಎಂಬ ಬಹಿರಂಗ ಪಟ್ಟಿ. ಡಿಕಿಮ್ ಅಂದರೆ ಪ್ರತಿ ಮೇಲ್‌ಗೂ ಬೀಳುವ ಡಿಜಿಟಲ್ ಸಹಿ. ಡಿಮಾರ್ಕ್ ಅಂದರೆ ಈ ಎರಡೂ ಸರಿ ಹೊಂದದ ಮೇಲ್ ಬಂದಾಗ ಏನು ಮಾಡಬೇಕು ಎಂದು ಡೊಮೇನ್ ಮಾಲೀಕರೇ ಕೊಟ್ಟ ಸೂಚನೆ. ಇದರ ಜೊತೆಗೆ, ಓದುಗರು ಒಂದೇ ಒತ್ತಿಗೆ ಚಂದಾ ಬಿಡುವಂತಿರಬೇಕು. ಬಿಟ್ಟವರ ಹೆಸರು ಎರಡು ದಿನದೊಳಗೆ ತೆಗೆಯಬೇಕು. "ಇದು ಸ್ಪ್ಯಾಮ್" ಎಂಬ ದೂರು ಶೇ 0.3 ಮುಟ್ಟಬಾರದು.

ಈ ಕೊನೆಯ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಾವಿರ ಜನರ ಇನ್‌ಬಾಕ್ಸ್‌ಗೆ ಮೇಲ್ ಹೋಯಿತು ಅಂದುಕೊಳ್ಳಿ. ಅದರಲ್ಲಿ ಮೂರು ಜನ ಸ್ಪ್ಯಾಮ್ ಗುಂಡಿ ಒತ್ತಿದರೆ ಶೇ 0.3 ಆಯಿತು. ಈ ಮೂವರು ನಿಮ್ಮ ಮೇಲೆ ಸಿಟ್ಟಾದವರೇ ಆಗಬೇಕಿಲ್ಲ. ಚಂದಾ ಬಿಡುವ ಲಿಂಕ್ ಕಾಣಲಿಲ್ಲ, ಕೈಗೆ ಸಿಕ್ಕ ಗುಂಡಿ ಒತ್ತಿದರು, ಅಷ್ಟೇ. ಹೀಗೆ ಪದೇ ಪದೇ ಆದರೆ ಉಳಿದ 997 ಜನರಿಗೂ ಮೇಲ್ ಸ್ಪ್ಯಾಮ್‌ಗೆ ಹೋಗತೊಡಗುತ್ತದೆ.

ನಾವು 5,000 ಕಳುಹಿಸುವುದೇ ಇಲ್ಲವಲ್ಲ ಎಂದು ಸಣ್ಣ ಸಂಘಗಳು ನಿರಾಳವಾಗಿರುವಂತಿಲ್ಲ. ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಬೇಕು. ಇನ್ನೊಂದು ಪೆಟ್ಟು ಅವರಿಗೇ ಜೋರಾಗಿ ಬಿದ್ದಿದೆ. ಎಷ್ಟೋ ಸಂಘಗಳ ವಿಳಾಸ ಜಿಮೇಲ್‌ನದ್ದು, ಕಳುಹಿಸುವುದು ಮಾತ್ರ ಮೇಲ್‌ಚಿಂಪ್‌ನಂಥ ಬೇರೆ ಸೇವೆಯಿಂದ. ಜಿಮೇಲ್ ಹೆಸರು ಹಾಕಿಕೊಂಡು ಬೇರೆ ಸರ್ವರ್‌ನಿಂದ ಬರುವ ಮೇಲ್‌ಗಳನ್ನು ಅನುಮಾನದಿಂದ ನೋಡುವಂತೆ ಗೂಗಲ್ ಅದೇ ಹೊತ್ತಿಗೆ ತನ್ನ ನೀತಿ ಬಿಗಿ ಮಾಡಿತು. ಕಳುಹಿಸಿದವರ ಪರದೆಯಲ್ಲಿ "ಹೋಗಿದೆ" ಅಂತ ಬರುತ್ತದೆ. ಓದುಗರ ಇನ್‌ಬಾಕ್ಸ್‌ನಲ್ಲಿ ಮಾತ್ರ ಅದು ಇರುವುದಿಲ್ಲ.

ಪರಿಹಾರ ಇಲ್ಲದಿಲ್ಲ. ವರ್ಷಕ್ಕೆ ಸುಮಾರು ಸಾವಿರ ರೂಪಾಯಿ ಕೊಟ್ಟು ಸ್ವಂತ ಡೊಮೇನ್ ತೆಗೆದುಕೊಂಡು, ಆ ಮೂರು ಚೀಟಿ ಸರಿಯಾಗಿ ಹಾಕಿದರೆ ಹೆಚ್ಚಿನ ತೊಂದರೆ ತಪ್ಪುತ್ತದೆ. ಆದರೆ ಅದನ್ನು ಹಾಕುವವರು ಯಾರು? ತೋಟದ ಕೆಲಸ ನೋಡಿಕೊಂಡು ಬಿಡುವಿನಲ್ಲಿ ಸಂಘದ ಕಾರ್ಯದರ್ಶಿಯಾದವರಿಗೆ ಡೊಮೇನ್ ಸೆಟ್ಟಿಂಗ್ ತಲೆನೋವು. ಚಾನೆಲ್ ಆದರೆ ಐದು ನಿಮಿಷದಲ್ಲಿ ಶುರು. ಸಣ್ಣವರು ಇಮೇಲ್ ಬಿಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಕನ್ನಡದಲ್ಲಿ ಬರೆದರೆ ಇನ್ನೊಂದು ತೊಡಕು

ಜಿಮೇಲ್ ಒಂದು ಮೇಲ್‌ನಲ್ಲಿ ಸುಮಾರು 102 ಕೆಬಿ ತನಕ ಮಾತ್ರ ತೋರಿಸಿ, ಉಳಿದದ್ದನ್ನು ಕತ್ತರಿಸಿ, ಪೂರ್ತಿ ನೋಡಲು ಲಿಂಕ್ ಕೊಡುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಕಂಪ್ಯೂಟರ್‌ನಲ್ಲಿ ಒಂದು ಬೈಟ್ ಸಾಕು. ಕನ್ನಡದ ಒಂದು ಚಿಹ್ನೆಗೆ ಮೂರು ಬೈಟ್ ಬೇಕು. 'ಕ್ಷ' ಎಂದು ಬರೆದರೆ ಕ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ (್), ಷ ಸೇರಿ ಒಂಬತ್ತು ಬೈಟ್. ಮೇಲ್ ಸಾಗಿಸಲು ಅದನ್ನು ಮತ್ತೆ ಬೇರೆ ರೂಪಕ್ಕೆ ಬದಲಿಸುವಾಗ ಗಾತ್ರ ಇನ್ನೂ ಹಿಗ್ಗುತ್ತದೆ. ಹಾಗಾಗಿ ಅಷ್ಟೇ ಉದ್ದದ ಬರಹ ಇಂಗ್ಲಿಷಿನಲ್ಲಿ ಪೂರ್ತಿ ಕಂಡರೆ ಕನ್ನಡದಲ್ಲಿ ಅರ್ಧಕ್ಕೇ ಕತ್ತರಿ ಬೀಳಬಹುದು.

ಕತ್ತರಿ ಬಿದ್ದರೆ ಬರಹದ ಬಾಲ ಮಾತ್ರ ಹೋಗುವುದಿಲ್ಲ. ಚಂದಾ ಬಿಡುವ ಲಿಂಕ್ ಸಾಮಾನ್ಯವಾಗಿ ಕೊನೆಯಲ್ಲಿ ಇರುತ್ತದೆ, ಅದೂ ಮರೆಯಾಗುತ್ತದೆ. ಲಿಂಕ್ ಕಾಣದಿದ್ದರೆ ಜನ ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ದೂರು ಏರುತ್ತದೆ, ಮುಂದಿನ ಸಂಚಿಕೆ ಸ್ಪ್ಯಾಮ್‌ಗೆ ಹೋಗುತ್ತದೆ. ಉದ್ದ ಬರೆದದ್ದೇ ತಪ್ಪಾಯಿತು ಅಂದ ಹಾಗೆ!

ಎಸ್‌ಎಂಎಸ್‌ನಲ್ಲೂ ಕಥೆ ಇದೇ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಅದರ ಮೇಲೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ವ್ಯಾವಹಾರಿಕವಾಗಿ ಗುಂಪು ಎಸ್‌ಎಂಎಸ್ ಕಳುಹಿಸುವವರು ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು.

ಓದಿದರೋ ಇಲ್ಲವೋ ತಿಳಿಯದು

ಪ್ರಕಾಶಕರಿಗೆ ಇನ್ನೊಂದು ಕಣ್ಣೂ ಮಂಜಾಯಿತು. ಎಷ್ಟು ಜನ ಮೇಲ್ ತೆರೆದರು ಎಂದು ತಿಳಿಯಲು ಮೇಲ್ ಒಳಗೆ ಕಾಣದಷ್ಟು ಸಣ್ಣ ಚಿತ್ರವೊಂದನ್ನು ಇಡುವುದು ಹಳೆಯ ಉಪಾಯ. ಓದುಗರು ಮೇಲ್ ತೆರೆದರೆ ಚಿತ್ರ ಲೋಡ್ ಆಗುತ್ತದೆ, ಲೆಕ್ಕ ಸಿಗುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಐಓಎಸ್ 15 ಜೊತೆ ಒಂದು ಖಾಸಗಿತನದ ಸೌಲಭ್ಯ ತಂದಿತು. ಅದನ್ನು ಒಪ್ಪಿದವರ ಮೇಲ್‌ನಲ್ಲಿರುವ ಚಿತ್ರಗಳನ್ನು, ಅವರು ತೆರೆದರೂ ತೆರೆಯದಿದ್ದರೂ, ಆ್ಯಪಲ್ ತಾನೇ ಮೊದಲು ಲೋಡ್ ಮಾಡುತ್ತದೆ. ಓದುಗರ ದೃಷ್ಟಿಯಿಂದ ಒಳ್ಳೆಯದೇ. ಪ್ರಕಾಶಕರಿಗೆ ಮಾತ್ರ ಎಲ್ಲರೂ ಓದಿದ ಹಾಗೆ ಕಾಣುತ್ತದೆ, ನಿಜ ಏನೆಂದು ತಿಳಿಯುವುದಿಲ್ಲ. ಜಾಹೀರಾತು ಕೊಡುವವರು "ಎಷ್ಟು ಜನ ಓದುತ್ತಾರೆ?" ಎಂದರೆ ನಂಬುವಂಥ ಉತ್ತರ ಇಲ್ಲ.

2013ರಿಂದ ಜಿಮೇಲ್‌ನಲ್ಲಿ ಪ್ರಮೋಷನ್ಸ್ ಟ್ಯಾಬ್ ಬೇರೆ ಇದೆ. ಸಂಘದ ಸುತ್ತೋಲೆ ಸೀರೆ ಅಂಗಡಿಯ ರಿಯಾಯಿತಿ ಮೇಲ್ ಪಕ್ಕದಲ್ಲಿ ಕುಳಿತಿರುತ್ತದೆ. ಈಗ ಮೇಲ್ ಆ್ಯಪ್‌ಗಳು ಎಐ ಬಳಸಿ ಸಾರಾಂಶವನ್ನೂ ತಾವೇ ಬರೆದುಕೊಡುತ್ತಿವೆ.

ಎಲ್ಲಿಗೆ ಹೋಗುತ್ತಿದ್ದಾರೆ

ಜಾಗತಿಕವಾಗಿ ನೋಡಿದರೆ ದಾರಿಗಳು ಹಲವು. 2017ರಲ್ಲಿ ಇಮೇಲ್ ನ್ಯೂಸ್‌ಲೆಟರ್‌ಗೆಂದೇ ಹುಟ್ಟಿದ ಸಬ್‌ಸ್ಟ್ಯಾಕ್ 2022ರ ಮಾರ್ಚ್‌ನಲ್ಲಿ ಸ್ವಂತ ಆ್ಯಪ್ ತಂದಿತು. 2023ರಲ್ಲಿ ಟ್ವಿಟರ್ ಮಾದರಿಯ ಸಣ್ಣ ಬರಹಗಳ ಜಾಗವನ್ನೂ ಸೇರಿಸಿತು. ಬರಹಗಾರರು ಗಳಿಸಿದ ಚಂದಾ ಹಣದಲ್ಲಿ ಶೇ 10 ಅದಕ್ಕೆ. ಟೆಲಿಗ್ರಾಂ ಚಾನೆಲ್‌ಗಳು 2015ರಿಂದ ಇವೆ. ಇನ್ನೊಂದು ಗುಂಪು ಆರ್‌ಎಸ್‌ಎಸ್ ಫೀಡ್ (ವೆಬ್‌ಸೈಟಿನ ಹೊಸ ಬರಹಗಳನ್ನು ಓದುಗರ ಆ್ಯಪ್‌ಗೆ ತಾನಾಗಿ ಮುಟ್ಟಿಸುವ ವ್ಯವಸ್ಥೆ), ಆ್ಯಕ್ಟಿವಿಟಿಪಬ್ (ಬೇರೆ ಬೇರೆ ಸಾಮಾಜಿಕ ತಾಣಗಳನ್ನು ಬೆಸೆಯುವ ನಿಯಮ) ಇಂಥ ಯಾರ ಸ್ವತ್ತೂ ಅಲ್ಲದ ತೆರೆದ ದಾರಿಗಳ ಕಡೆ ಹೊರಟಿದೆ. ಗೋಸ್ಟ್ ಎಂಬ ಪ್ರಕಟಣಾ ತಂತ್ರಾಂಶ 2025ರಲ್ಲಿ ಆ್ಯಕ್ಟಿವಿಟಿಪಬ್ ಸೇರಿಸಿಕೊಂಡಿತು. ಕೇಳಲು ಚೆನ್ನಾಗಿದೆ, ಆದರೆ ಇಂಥ ಫೀಡ್ ಓದುವ ಸೇವೆಯಾದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿದ ಮೇಲೆ ಆರ್‌ಎಸ್‌ಎಸ್ ಸಾಮಾನ್ಯ ಓದುಗರಿಂದ ದೂರವೇ ಉಳಿದಿದೆ.

ನಮ್ಮಲ್ಲಿ ಲೆಕ್ಕಕ್ಕೆ ಬರುವುದು ವಾಟ್ಸ್‌ಆ್ಯಪ್ ಚಾನೆಲ್. 2023ರ ಜೂನ್‌ನಲ್ಲಿ ಕೊಲಂಬಿಯಾ, ಸಿಂಗಪುರದಲ್ಲಿ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಭಾರತಕ್ಕೂ ಬಂತು. ಹಳೆಯ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇತ್ತು. ಅದೂ ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ ತಲುಪುತ್ತಿತ್ತು. ಗ್ರೂಪ್‌ಗೆ 1,024ರ ಮಿತಿ. ಅಲ್ಲಿ ಗುಡ್ ಮಾರ್ನಿಂಗ್ ಹೂವಿನ ನಡುವೆ ಕಾಫಿ ರೇಟು ಹುಡುಕಬೇಕು. ಚಾನೆಲ್‌ನಲ್ಲಿ ಈ ಮಿತಿಗಳಿಲ್ಲ. ಒಬ್ಬರು ಹಾಕುತ್ತಾರೆ, ಉಳಿದವರು ನೋಡುತ್ತಾರೆ. ಓದುಗರ ನಂಬರ್ ಇತರ ಓದುಗರಿಗೆ ಕಾಣುವುದಿಲ್ಲ.

ಕೊಡಗಿನ ಓದುಗರು ಎರಡು ಕಡೆ

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಜಿಲ್ಲೆ ಚಿಕ್ಕದು. ಆದರೆ ಕೊಡಗಿನ ಸುದ್ದಿ ಬೇಕಾದವರು ಜಿಲ್ಲೆಯೊಳಗೆ ಮಾತ್ರ ಇಲ್ಲ. ಮೈಸೂರು, ಬೆಂಗಳೂರಿನಲ್ಲಿ ಕೆಲಸ ಮಾಡುವವರು, ಸೇನೆಯಲ್ಲಿ ಇರುವವರು, ಹೊರದೇಶದಲ್ಲಿ ನೆಲೆಸಿದವರು ಎಲ್ಲರಿಗೂ ಊರಿನಲ್ಲಿ ತೋಟ, ಐನ್‌ಮನೆ (ಕುಟುಂಬದ ಮೂಲ ಮನೆ), ನೆಂಟರು ಇದ್ದಾರೆ. 1997ರಿಂದ ನಡೆಯುತ್ತಿರುವ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರಿಗೆ ವೇಳಾಪಟ್ಟಿ ಮುಟ್ಟಿಸುವುದೇ ಒಂದು ಕೆಲಸ.

ಇಮೇಲ್ ನಿಜವಾಗಿ ಕೆಲಸ ಮಾಡಿದ್ದು ಹೆಚ್ಚಾಗಿ ಈ ಹೊರಗಿನವರಿಗೆ. ಆಫೀಸಿನಲ್ಲಿ ದಿನವಿಡೀ ಮೇಲ್ ತೆರೆದಿಟ್ಟುಕೊಂಡೇ ಕೂರುವವರು ಅವರು. ತೋಟದಲ್ಲಿ ಇರುವ ಬೆಳೆಗಾರರಿಗೆ ಬೇಕಾದ್ದು ಬೇರೆ. ರೋಬಸ್ಟಾ ಕಾಫಿಯ ದರ ನಿರ್ಧಾರವಾಗುವುದು ಲಂಡನ್ ಪೇಟೆಯಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. 50 ಕೆಜಿ ಚೀಲದ ರೋಬಸ್ಟಾ ಚೆರ್ರಿಗೆ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು) 2024ರಲ್ಲಿ ಹತ್ತು ಸಾವಿರ ರೂಪಾಯಿ ದಾಟಿದಂಥ ಪೇಟೆಯಲ್ಲಿ, ಇವತ್ತಿನ ರೇಟು ಇವತ್ತೇ ತಿಳಿಯಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಯಾವ ಹೋಬಳಿಗೆ ಎಷ್ಟು ಇಂಚು ಬಿತ್ತು ಎಂಬುದೂ ಹಾಗೇ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುವ ತೀರ್ಮಾನ ಅದರ ಮೇಲೆ ನಿಂತಿದೆ. ಸಂಜೆ ಮೇಲ್ ತೆರೆದು ನೋಡುವ ಸುದ್ದಿ ಇದಲ್ಲ.

ಇನ್ನೂ ಒಂದು ದಾರಿಯನ್ನು ಕಾಫಿ ಮಂಡಳಿ ತೋರಿಸಿತ್ತು. 2018ರ ಕೊನೆಯಲ್ಲಿ ಶುರುವಾದ ಅದರ 'ಕಾಫಿ ಕೃಷಿ ತರಂಗ' ಸೇವೆ ಬೆಳೆಗಾರರ ಮೊಬೈಲ್‌ಗೆ ಧ್ವನಿ ಸಂದೇಶದ ಮೂಲಕ ಸಲಹೆ ಮುಟ್ಟಿಸುವ ಯೋಜನೆ. ಮೊದಲ ಹಂತ ಚಿಕ್ಕಮಗಳೂರು ಮತ್ತು ಹಾಸನದಲ್ಲಿ. ಓದುವ ಕಷ್ಟವಿಲ್ಲ, ಸ್ಮಾರ್ಟ್‌ಫೋನ್ ಬೇಕಿಲ್ಲ, ಡೇಟಾ ಬೇಕಿಲ್ಲ. ಕೊಡವ ತಕ್ಕ್, ಅರೆಭಾಷೆಯಂಥ ಹೆಚ್ಚಾಗಿ ಮಾತಿನಲ್ಲೇ ಬದುಕುವ ಭಾಷೆಗಳಿಗೆ ಧ್ವನಿ ಬಹಳ ಒಗ್ಗುತ್ತದೆ. ಈ ದಾರಿಯ ಬಗ್ಗೆ ಪ್ರಕಾಶಕರು ಇನ್ನಷ್ಟು ಯೋಚಿಸಬಹುದಿತ್ತು ಅನ್ನಿಸುತ್ತದೆ.

ಹಾಗಾಗಿ "ಇಮೇಲ್‌ನಿಂದ ಚಾನೆಲ್‌ಗೆ" ಎಂಬ ಒಂದೇ ಸಾಲಿನ ಹಿಂದೆ ಇಲ್ಲಿ ಎರಡು ಗುಂಪುಗಳಿವೆ. ತೋಟದಲ್ಲಿ ಇರುವವರಿಗೆ ಈ ಬದಲಾವಣೆಯಿಂದ ಲಾಭವೇ ಜಾಸ್ತಿ. ಅವರು ಮೊದಲೂ ಇಮೇಲ್ ನೆಚ್ಚಿಕೊಂಡಿರಲಿಲ್ಲ. ಕಳೆದುಕೊಳ್ಳುವವರು ಹೊರಗಿರುವವರು. ಉದ್ದನೆಯ ಬರಹ, ಲೆಕ್ಕಪತ್ರ, ಸಭೆಯ ನಡಾವಳಿ ಇವನ್ನು ನಿಧಾನವಾಗಿ ಓದಿ, ಬೇಕಾದಾಗ ಹುಡುಕಿ ತೆಗೆಯುತ್ತಿದ್ದವರು ಅವರು.

ಎರಡು ಕಡೆಯ ವಾದ

ಜಾಗ ಬದಲಿಸಬೇಕು ಎನ್ನುವವರ ಮಾತು ಸರಳ. ಜನ ಎಲ್ಲಿದ್ದಾರೋ ಅಲ್ಲಿಗೆ ಹೋಗಬೇಕು. ಇಮೇಲ್ ಕಳುಹಿಸಿ ಸ್ಪ್ಯಾಮ್‌ನಲ್ಲಿ ಕೊಳೆಯುವುದಕ್ಕಿಂತ ಫೋನಿನಲ್ಲಿ ಕಂಡರೆ ಸಾಕು. ಫಾರ್ವರ್ಡ್ ಆದ ಸಾಮಾನ್ಯ ವಾಟ್ಸ್‌ಆ್ಯಪ್ ಸಂದೇಶಕ್ಕೆ ಮೂಲ ಯಾವುದು, ಮೊದಲು ಬರೆದದ್ದು ಯಾವಾಗ ಎಂಬ ಗುರುತು ಇರುವುದಿಲ್ಲ. "ಸಂಪಾಜೆ ಘಾಟಿ ಬಂದ್" ಎಂಬ ಸಾಲು ಯಾವ ವರ್ಷದ್ದು ಅಂತ ಹೇಗೆ ಹೇಳುವುದು? ಚಾನೆಲ್‌ನಿಂದ ಫಾರ್ವರ್ಡ್ ಆದರೆ ಚಾನೆಲ್‌ನ ಲಿಂಕ್ ಜೊತೆಗೇ ಹೋಗುತ್ತದೆ. ಈ ವಾದದಲ್ಲಿ ತೂಕವಿದೆ.

ಉಳಿಯಬೇಕು ಎನ್ನುವವರು ಬೇರೆ ಪ್ರಶ್ನೆ ಕೇಳುತ್ತಾರೆ. ಚಾನೆಲ್‌ನಲ್ಲಿ ಫಾಲೋ ಮಾಡುವವರು 3,000 ಅಂತ ಕಾಣುತ್ತದೆ. ಆ 3,000 ಜನರ ನಂಬರ್ ಪ್ರಕಾಶಕರಿಗೆ ಸಿಗುತ್ತದೆಯೇ? ಫೈಲಿನಲ್ಲಿ ಇಳಿಸಿಕೊಂಡು ಬೇರೆ ಕಡೆ ಒಯ್ಯಬಹುದೇ? ಎರಡೂ ಇಲ್ಲ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಮೈಕ್ ಹಿಡಿದು ಕೂಗಿದ ಹಾಗೆ: ಸುಮಾರು ಎಷ್ಟು ಜನ ನಿಂತು ಕೇಳಿದರು ಅಂತ ಹೇಳಬಹುದು, ನಾಳೆ ಅವರ ಮನೆ ಹುಡುಕಿಕೊಂಡು ಹೋಗಲು ಆಗುವುದಿಲ್ಲ.

ಮೇಲಾಗಿ ಫೋನಿನಲ್ಲಿ ಕಾಣುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಚಾನೆಲ್ ಸಂದೇಶ ಮಾಮೂಲಿ ಚಾಟ್ ಪಟ್ಟಿಯಲ್ಲಿ ಬರುವುದಿಲ್ಲ, ಅಪ್‌ಡೇಟ್ಸ್ ಟ್ಯಾಬ್ ಒಳಗೆ ಇರುತ್ತದೆ. ಗಂಟೆ ಗುರುತು ಒತ್ತಿ ನೋಟಿಫಿಕೇಷನ್ ಆನ್ ಮಾಡದಿದ್ದರೆ ಸದ್ದೂ ಬರುವುದಿಲ್ಲ. ಫಾಲೋ ಮಾಡಿದೆವಲ್ಲ, ಏನೂ ಬರುವುದೇ ಇಲ್ಲ ಎಂದು ಹಿರಿಯರು ದೂರುವುದಕ್ಕೆ ಇದೇ ಕಾರಣ. 2025ರ ಜೂನ್‌ನಲ್ಲಿ ವಾಟ್ಸ್‌ಆ್ಯಪ್ ಇದೇ ಟ್ಯಾಬಿಗೆ ಜಾಹೀರಾತು ಮತ್ತು ದುಡ್ಡು ಕೊಟ್ಟು ಚಾನೆಲ್ ಮುಂದೆ ತರುವ ವ್ಯವಸ್ಥೆ ಪ್ರಕಟಿಸಿತು. ಪ್ರಮೋಷನ್ಸ್ ಟ್ಯಾಬಿನಿಂದ ತಪ್ಪಿಸಿಕೊಂಡು ಬಂದವರು ಇನ್ನೊಂದು ಪ್ರಮೋಷನ್ಸ್ ಟ್ಯಾಬಿಗೆ ಬಂದ ಹಾಗಾಯಿತು, ಅಲ್ವಾ?

ಬಾಗಿಲು ಒಮ್ಮೆ ಮುಚ್ಚಿತ್ತು

ಈ ಭಯ ಕಲ್ಪನೆಯದ್ದಲ್ಲ. ಹಿಂದೆ ಯುರೋಪಿನ, ಅದರಲ್ಲೂ ಜರ್ಮನಿಯ, ಎಷ್ಟೋ ಸುದ್ದಿಸಂಸ್ಥೆಗಳು ವಾಟ್ಸ್‌ಆ್ಯಪ್ ಮೂಲಕ ನ್ಯೂಸ್‌ಲೆಟರ್ ಕಳುಹಿಸುತ್ತಿದ್ದವು. ಗುಂಪು ಸಂದೇಶಗಳ ದುರ್ಬಳಕೆ ತಡೆಯುವ ಕಾರಣ ಕೊಟ್ಟು ಕಂಪನಿ 2019ರ ಡಿಸೆಂಬರ್ 7ರಿಂದ ಅದನ್ನು ನಿಲ್ಲಿಸಿತು. ವರ್ಷಗಟ್ಟಲೆ ಕೂಡಿಸಿದ ಓದುಗರನ್ನು ಮತ್ತೆ ಒಬ್ಬೊಬ್ಬರನ್ನಾಗಿ ಟೆಲಿಗ್ರಾಂಗೋ ಸ್ವಂತ ಆ್ಯಪ್‌ಗೋ ಕರೆದೊಯ್ಯಬೇಕಾಯಿತು. ನಾಲ್ಕು ವರ್ಷದ ನಂತರ ಅದೇ ಕಂಪನಿ ಚಾನೆಲ್ ಎಂಬ ಹೆಸರಿನಲ್ಲಿ ಬಾಗಿಲು ತೆರೆಯಿತು. ಈ ಸಲ ಕೀಲಿಕೈ ತನ್ನ ಬಳಿಯೇ ಇಟ್ಟುಕೊಂಡು.

ಇಮೇಲ್ ಸೇವೆಗಳೂ ಮುಚ್ಚಿವೆ. ಟ್ವಿಟರ್ 2021ರಲ್ಲಿ ಕೊಂಡ ರೆವ್ಯೂ 2023ರ ಜನವರಿಯಲ್ಲಿ ನಿಂತಿತು. ಟೈನಿಲೆಟರ್ 2024ರ ಫೆಬ್ರವರಿ ಕೊನೆಗೆ ನಿಂತಿತು. ಆದರೆ ಅಲ್ಲಿ ಬರೆಯುತ್ತಿದ್ದವರು ವಿಳಾಸಗಳ ಫೈಲ್ ಇಳಿಸಿಕೊಂಡು ಬೇರೆ ಸೇವೆಗೆ ಹೋದರು. ಓದುಗರಿಗೆ ಗೊತ್ತೂ ಆಗದ ಹಾಗೆ ಮುಂದಿನ ಸಂಚಿಕೆ ಹೊಸ ಜಾಗದಿಂದ ಬಂತು. ಸೇವೆ ಮುಚ್ಚಿದರೂ ಪಟ್ಟಿ ಉಳಿಯಿತು. ಸಬ್‌ಸ್ಟ್ಯಾಕ್‌ನಿಂದ ಈಗಲೂ ಇಮೇಲ್ ಪಟ್ಟಿ ಇಳಿಸಿಕೊಳ್ಳಬಹುದು. ಅದರ ಆ್ಯಪ್‌ನಲ್ಲಿ ಮಾತ್ರ ಫಾಲೋ ಮಾಡುವವರು ಆ ಪಟ್ಟಿಗೆ ಬರುವುದಿಲ್ಲ. ಪ್ರಕಾಶಕರು ಗಮನಿಸಬೇಕಾದ ವ್ಯತ್ಯಾಸ ಇದು.

ಕೆನಡಾದಲ್ಲಿ ಆದದ್ದು ಇನ್ನೂ ಗಂಭೀರ. ಸುದ್ದಿಗೆ ಹಣ ಕೊಡಬೇಕೆಂಬ ಕಾನೂನಿನ ಜಗಳದಲ್ಲಿ ಮೆಟಾ ಕಂಪನಿ 2023ರ ಆಗಸ್ಟ್‌ನಿಂದ ಅಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಸುದ್ದಿಗಳನ್ನೇ ತಡೆಯಿತು. ಅದೇ ತಿಂಗಳು ಕಾಳ್ಗಿಚ್ಚಿನಿಂದ ಯೆಲ್ಲೋನೈಫ್ ಪಟ್ಟಣದ ಜನ ಊರು ಬಿಡಬೇಕಾಯಿತು. ಸ್ಥಳೀಯ ಸುದ್ದಿ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ ಜನ ರೂಢಿಯಾಗಿ ನೋಡುತ್ತಿದ್ದ ಜಾಗದಲ್ಲಿ ಅದು ಇರಲಿಲ್ಲ. ವಾಟ್ಸ್‌ಆ್ಯಪ್‌ಗೆ ಆ ತಡೆ ಅನ್ವಯಿಸಲಿಲ್ಲ, ನಿಜ. ಆದರೆ ವಾಟ್ಸ್‌ಆ್ಯಪ್‌ನ ಮಾಲೀಕರೂ ಅದೇ ಮೆಟಾ.

ಆಗಸ್ಟ್ ಮಳೆಯಲ್ಲಿ ಯಾವುದು ತಲುಪುತ್ತದೆ

ಕೊಡಗಿಗೆ ಇದು ಪುಸ್ತಕದ ಪ್ರಶ್ನೆ ಅಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ರಸ್ತೆ, ಕರೆಂಟು, ಫೋನು ಒಟ್ಟಿಗೇ ಹೋದವು. ಮಾಮೂಲಿ ಮಳೆಗಾಲದಲ್ಲೂ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಟವರ್‌ನ ಬ್ಯಾಟರಿ, ಡೀಸೆಲ್ ಮುಗಿದರೆ ನೆಟ್‌ವರ್ಕೂ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಪ್ರತಿ ದಾರಿಯೂ ಬೇರೆ ಬೇರೆ ರೀತಿ ವರ್ತಿಸುತ್ತದೆ. ಇಮೇಲ್ ನಿಮ್ಮ ಪೆಟ್ಟಿಗೆಯಲ್ಲಿ ಕಾಯುತ್ತದೆ, ವಾರ ಬಿಟ್ಟು ತೆರೆದರೂ ಇರುತ್ತದೆ, ಮೇಲೆ ತಾರೀಕು ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ತಲುಪದ ಸಂದೇಶ ಸರ್ವರ್‌ನಲ್ಲಿ 30 ದಿನ ಕಾಯುತ್ತದೆ. ಚಾನೆಲ್‌ನ ಹಳೆಯ ಸಂದೇಶಗಳನ್ನು ಸರ್ವರ್‌ನಲ್ಲಿ 30 ದಿನದ ತನಕ ಇಡುವುದಾಗಿ ಕಂಪನಿ ಶುರುವಿನಲ್ಲಿ ಹೇಳಿತ್ತು. ಆ್ಯಪ್ ನೋಟಿಫಿಕೇಷನ್ ಬಂದ ಕ್ಷಣ ನೋಡದಿದ್ದರೆ ಹತ್ತು ನೋಟಿಫಿಕೇಷನ್‌ಗಳ ಕೆಳಗೆ ಮುಚ್ಚಿಹೋಗುತ್ತದೆ.

ಆದ್ದರಿಂದ "ಭಾಗಮಂಡಲ–ನಾಪೋಕ್ಲು ರಸ್ತೆ ಮೇಲೆ ನೀರು ಬಂದಿದೆ" ಎಂಬುದಕ್ಕೆ ಚಾನೆಲ್ ಸರಿ. ಪರಿಹಾರದ ಅರ್ಜಿಗೆ ಏನೇನು ದಾಖಲೆ ಬೇಕು, ಕೊನೆಯ ದಿನ ಯಾವುದು ಎಂಬ ಸುತ್ತೋಲೆಗೆ ಇಮೇಲೇ ಸರಿ. ಮೂರು ತಿಂಗಳ ನಂತರ ಹುಡುಕಬೇಕಾಗುತ್ತದೆ. ನೆಟ್‌ವರ್ಕ್ ಪೂರ್ತಿ ಹೋದರೆ ಎರಡೂ ಕೆಲಸಕ್ಕೆ ಬಾರವು. ಆಗ ಉಳಿಯುವುದು ಮಡಿಕೇರಿ ಆಕಾಶವಾಣಿ.

ಇಲ್ಲೊಂದು ಸಣ್ಣ ಕಿರಿಕಿರಿಯನ್ನೂ ಹೇಳಬೇಕು. ಚಾನೆಲ್‌ಗಳಲ್ಲಿ ರೇಟು, ಮಳೆ ಅಂಕಿಗಳನ್ನು ಬಣ್ಣದ ಪೋಸ್ಟರ್ ಮಾಡಿ ಹಾಕುವ ಚಾಳಿ ಬೆಳೆದಿದೆ. ಒಂದು ಕಡ್ಡಿ ಸಿಗ್ನಲ್ ಇರುವ ಕಡೆ ಆ ಚಿತ್ರ ತೆರೆಯುವುದಿಲ್ಲ. ತೆರೆದರೂ ಅದರೊಳಗಿನ ಅಂಕಿಯನ್ನು ಮುಂದೆ ಹುಡುಕಲು ಬರುವುದಿಲ್ಲ. ನಾಲ್ಕು ಸಾಲು ಟೈಪ್ ಮಾಡಿದರೆ ಸಾಕಿತ್ತು. ತೋಟದ ಮಳೆ ಲೆಕ್ಕವನ್ನು ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಡುವ ಊರಿನಲ್ಲಿ ಈ ಅಂಕಿಗಳು ಚಿತ್ರದೊಳಗೆ ಸಿಕ್ಕಿ ಕಳೆದುಹೋಗುವುದು ಬೇಸರದ ವಿಷಯ.

ಖರ್ಚು

ಚಾನೆಲ್‌ಗೆ ದುಡ್ಡಿಲ್ಲ. ಅದರ ಸೆಳೆತವೇ ಅದು. ಆದರೆ ಓದುಗರ ಚಾಟ್ ಪಟ್ಟಿಗೇ ಹೋಗಿ ಬೀಳಬೇಕೆಂದರೆ ವಾಟ್ಸ್‌ಆ್ಯಪ್‌ನ ವ್ಯಾವಹಾರಿಕ ಸೇವೆ ಬಳಸಬೇಕು. ಅದಕ್ಕೆ 2025ರ ಜುಲೈನಿಂದ ಪ್ರತಿ ಸಂದೇಶಕ್ಕೂ ದರ. ಒಂದಕ್ಕೆ 80 ಪೈಸೆ ಅಂತ ಇಟ್ಟುಕೊಂಡರೂ 2,000 ಜನರಿಗೆ ದಿನಕ್ಕೊಂದು ಸಂದೇಶ ಎಂದರೆ 1,600 ರೂಪಾಯಿ, ತಿಂಗಳಿಗೆ 48,000. ಯಾವ ಸಂಘಕ್ಕೆ ಇದು ಸಾಧ್ಯ? ಅಮೆಜಾನ್‌ನ ಮೇಲ್ ಸೇವೆಯಲ್ಲಿ ಸಾವಿರ ಇಮೇಲ್‌ಗೆ 10 ಸೆಂಟ್. ತಿಂಗಳಿಗೆ 60,000 ಮೇಲ್ ಕಳುಹಿಸಿದರೆ ಆರು ಡಾಲರ್, ಅಂದರೆ ಐನೂರು ರೂಪಾಯಿಯ ಆಸುಪಾಸು. ಅದನ್ನು ನಡೆಸಲು ತಿಳಿದವರು ಬೇಕು ಎಂಬುದು ಮತ್ತದೇ ತೊಡಕು.

ಬರಹದಿಂದ ಸಂಪಾದಿಸಲು ಹೊರಟವರಿಗೆ ಸಬ್‌ಸ್ಟ್ಯಾಕ್ ಕೂಡ ಸಲೀಸಲ್ಲ. ಅಲ್ಲಿ ಬರಹಗಾರರಿಗೆ ಹಣ ಬರುವುದು ಸ್ಟ್ರೈಪ್ ಎಂಬ ಆನ್‌ಲೈನ್ ಪಾವತಿ ಸೇವೆಯ ಮೂಲಕ. ಭಾರತದಲ್ಲಿ ಸ್ಟ್ರೈಪ್ 2024ರಿಂದ ಆಹ್ವಾನ ಇದ್ದವರಿಗೆ ಮಾತ್ರ ಹೊಸ ಖಾತೆ ಕೊಡುತ್ತಿದೆ.

ಪಟ್ಟಿ ಇಟ್ಟುಕೊಂಡರೆ ಹೊಣೆಯೂ ಇದೆ

ಪಟ್ಟಿ ಸ್ವಂತ ಕೈಯಲ್ಲಿ ಇರಲಿ ಎಂದು ಹೇಳುವುದು ಸುಲಭ. ಅದಕ್ಕೆ ಈಗ ಕಾನೂನಿನ ಭಾರವೂ ಸೇರಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು 18 ತಿಂಗಳ ನಂತರ ಜಾರಿಗೆ ಬರುತ್ತವೆ. ಇಮೇಲ್ ವಿಳಾಸ, ಫೋನ್ ನಂಬರ್ ಎರಡೂ ವೈಯಕ್ತಿಕ ದತ್ತಾಂಶವೇ. ಯಾವ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು. ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಅದರಲ್ಲಿದೆ. ಒಪ್ಪಿಗೆ ಹಿಂತೆಗೆದರೆ ಹೆಸರು ಅಳಿಸಬೇಕು. ದತ್ತಾಂಶ ಕಾಯುವುದರಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿಯ ತನಕ ಹೋಗಬಹುದು. ಅದು ಗರಿಷ್ಠ ಮಿತಿ, ಸಣ್ಣ ಸಂಘಕ್ಕೆ ಅಷ್ಟು ಬೀಳುತ್ತದೆ ಎಂದಲ್ಲ.

ಇದರ ಪರಿಣಾಮ ಎರಡು ಬಗೆಯಲ್ಲಿ ಆಗಬಹುದು. "ಈ ತಲೆನೋವೇ ಬೇಡ" ಎಂದು ಕೆಲವರು ಪಟ್ಟಿಯನ್ನೇ ಬಿಟ್ಟು ಚಾನೆಲ್‌ಗೆ ಹೋಗುತ್ತಾರೆ. ಓದುಗರನ್ನು ನೆನಪಿಡುವ ಹೊಣೆ ಅಲ್ಲಿ ಕಂಪನಿಯದು. ಇನ್ನು ಕೆಲವರು ಈ ನೆಪದಲ್ಲಿ ಹಳೆಯ ಎಕ್ಸೆಲ್ ಶೀಟನ್ನು ತೊಳೆದು, ತೀರಿಕೊಂಡವರ, ಬಿಟ್ಟುಹೋದವರ ಹೆಸರು ತೆಗೆದು, ಒಪ್ಪಿದವರನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಪಟ್ಟಿ ಸಣ್ಣದಾಗುತ್ತದೆ, ಸ್ಪ್ಯಾಮ್ ದೂರೂ ಇಳಿಯುತ್ತದೆ. ಇಮೇಲ್ ಮತ್ತೆ ತಲುಪತೊಡಗುವುದು ಇಂಥವರದ್ದೇ.

ಮುಂದೆ ಆಗಬಹುದಾದದ್ದು

ಇಮೇಲ್ ಸತ್ತಿತು ಎಂಬ ಮಾತು ಬಹಳ ಸಲ ಕೇಳಿದ್ದೇವೆ. ಹಾಗಾಗುವ ಲಕ್ಷಣ ಇಲ್ಲ. ಕೆಲಸ ಹಂಚಿಹೋಗುತ್ತದೆ. ರೇಟು, ಮಳೆ, ರಸ್ತೆ, ಸಾವಿನ ಸುದ್ದಿ ಚಾನೆಲ್‌ಗೆ ಹೋಗುತ್ತವೆ. ವರದಿ, ಲೆಕ್ಕಪತ್ರ, ಉದ್ದ ಬರಹ ಇಮೇಲ್‌ನಲ್ಲಿ ಉಳಿಯುತ್ತವೆ, ಅಥವಾ ವೆಬ್‌ಸೈಟಿಗೆ ಹೋಗಿ ಮೇಲ್‌ನಲ್ಲಿ ಲಿಂಕ್ ಮಾತ್ರ ಬರುತ್ತದೆ. ಕನ್ನಡಕ್ಕೆ 102 ಕೆಬಿ ಕತ್ತರಿಯಿಂದ ತಪ್ಪಿಸಿಕೊಳ್ಳಲು ಅದೇ ಸುಲಭ ದಾರಿ.

ತೊಂದರೆ ಆಗುವುದು ಒಂದನ್ನು ಶುರುಮಾಡಿದ ದಿನವೇ ಇನ್ನೊಂದನ್ನು ಮುಚ್ಚುವವರಿಗೆ. ಜಾಗ ಬದಲಿಸುವ ಪ್ರಕಾಶಕರು ಕೆಲವು ತಿಂಗಳು ಎರಡೂ ಕಡೆ ಹಾಕಿ, ಆ ಹೊತ್ತಿನಲ್ಲಿ ಚಾನೆಲ್‌ಗೆ ಬಂದ ಹೊಸಬರಿಂದ ಒಂದು ಫಾರ್ಮ್ ಮೂಲಕ ವಿಳಾಸವನ್ನೂ ಒಪ್ಪಿಗೆಯನ್ನೂ ಕೇಳಿಟ್ಟುಕೊಂಡರೆ ಪಟ್ಟಿ ಕೈತಪ್ಪುವುದಿಲ್ಲ. ಎಲ್ಲರೂ ಕೊಡುವುದಿಲ್ಲ, ಕೊಟ್ಟಷ್ಟು ಲಾಭ.

ಓದುಗರ ಕಡೆ ಮಾಡಬಹುದಾದ್ದು ಕಡಿಮೆ, ಆದರೆ ಇಲ್ಲದಿಲ್ಲ. ಬೇಕಾದ ನ್ಯೂಸ್‌ಲೆಟರ್ ಸ್ಪ್ಯಾಮ್‌ನಲ್ಲಿ ಸಿಕ್ಕರೆ "ಸ್ಪ್ಯಾಮ್ ಅಲ್ಲ" ಎಂದು ಒತ್ತಿ, ಕಳುಹಿಸಿದ ವಿಳಾಸವನ್ನು ಕಾಂಟ್ಯಾಕ್ಟ್‌ನಲ್ಲಿ ಸೇರಿಸಬೇಕು. ಬೇಡವಾದದ್ದಕ್ಕೆ ಸ್ಪ್ಯಾಮ್ ಗುಂಡಿಯ ಬದಲು ಚಂದಾ ಬಿಡುವ ಗುಂಡಿ ಒತ್ತಬೇಕು. ಚಾನೆಲ್ ಫಾಲೋ ಮಾಡಿದವರು ಗಂಟೆ ಗುರುತನ್ನೂ ಒತ್ತಬೇಕು. ಮಳೆಗಾಲ ಹಿಡಿಯುವ ಮೊದಲು, ಮೇ ತಿಂಗಳಲ್ಲೇ, ಮನೆಯ ಹಿರಿಯರ ಫೋನಿನಲ್ಲೂ ಇದನ್ನು ಮಾಡಿಕೊಟ್ಟರೆ ಒಳ್ಳೆಯದು. ಜೂನ್ ಬಂದ ಮೇಲೆ ಆ ಟ್ಯಾಬ್ ತೆರೆಯುವಷ್ಟು ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ.